ಕಕ್ಷೆಯಲ್ಲಿ ಚೂರುಗಳ ಮೋಡ ಎದ್ದರೆ ಯಾವ ಸಂಪರ್ಕ ಉಳಿಯುತ್ತದೆ? ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಉಪಗ್ರಹ ಸಂಪರ್ಕ ತೆಗೆದುಕೊಳ್ಳಬೇಕು ಅಂತ ಹೊರಟವರು ಮೊದಲೆಲ್ಲ ವೇಗ ಎಷ್ಟು, ಖರ್ಚು ಎಷ್ಟು ಅಂತ ಕೇಳುತ್ತಿದ್ದರು. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಯಾರಾದರೂ ಬೇಕಂತಲೇ ಕಕ್ಷೆಯಲ್ಲಿ ಕಣಗಳನ್ನು ಚೆಲ್ಲಿದರೆ, ಅಥವಾ ಒಂದು ಉಪಗ್ರಹ ಒಡೆದು ಚೂರಾದರೆ, ನನ್ನ ಸಂಪರ್ಕದ ಗತಿ ಏನು? ಕೆಳಗಿನ ಕಕ್ಷೆಯದ್ದು ವಾಸಿಯೋ, ತೀರಾ ಮೇಲಿನದ್ದು ವಾಸಿಯೋ, ಇಲ್ಲ ಆಕಾಶದ ಸಹವಾಸವೇ ಬೇಡ ಅಂತ ಕೇಬಲ್ ಹಿಡಿಯಬೇಕೋ?

ಇದು ಸುಮ್ನೆ ಹೆದರುವವರ ಪ್ರಶ್ನೆ ಅಲ್ಲ. ಹಡಗು ನಡೆಸುವವರು, ದೂರದ ಆಸ್ಪತ್ರೆ ನೋಡಿಕೊಳ್ಳುವವರು, ವಿಪತ್ತಿನಲ್ಲಿ ಕೆಲಸ ಮಾಡುವವರು ಇದನ್ನು ಕೇಳಲೇಬೇಕು. ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಆದರೆ ಅಳೆಯುವ ಕೋಲು ಎಲ್ಲರಿಗೂ ಒಂದೇ. ಅದನ್ನು ಮೊದಲು ನೋಡೋಣ.

ಮೋಡ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೋಡ ಅಂದ ಕೂಡಲೇ ಬಿಸಿಲನ್ನು ಮುಚ್ಚುವ ಮಳೆಮೋಡ ಕಣ್ಣಿಗೆ ಬರುತ್ತದೆ. ರೇಡಿಯೋ ಅಲೆಗಳೂ ಹಾಗೇ ಮುಚ್ಚಿಹೋಗುತ್ತವೆ ಅನ್ನಿಸುತ್ತದೆ, ಅಲ್ವಾ? ಹಾಗೇನೂ ಆಗುವುದಿಲ್ಲ. ಇದಕ್ಕೆ ಒಂದು ಹಳೆಯ ಸಾಕ್ಷಿ ಇದೆ. 1963ರ ಮೇ ತಿಂಗಳಲ್ಲಿ ಅಮೆರಿಕದ ವೆಸ್ಟ್ ಫೋರ್ಡ್ ಯೋಜನೆ ಮೂರೂವರೆ ಸಾವಿರ ಕಿ.ಮೀ.ಗಿಂತಲೂ ಮೇಲೆ 48 ಕೋಟಿ ತಾಮ್ರದ ಸೂಜಿಗಳನ್ನು ಹರಡಿತು. ಒಂದೊಂದರ ಉದ್ದ 1.78 ಸೆಂ.ಮೀ. ದಪ್ಪ ತಲೆಕೂದಲಿಗಿಂತ ಕಡಿಮೆ. ಅಷ್ಟೂ ಸೇರಿ ತೂಕ ಸುಮಾರು 20 ಕೆಜಿ ಮಾತ್ರ.

ಉದ್ದೇಶ ಸಂಪರ್ಕ ಕೆಡಿಸುವುದಲ್ಲ, ಕಾಪಾಡುವುದು. ಸಮುದ್ರದ ಕೇಬಲ್‌ಗಳನ್ನು ಶತ್ರು ಕತ್ತರಿಸಿದರೆ ಆ ಸೂಜಿಗಳಿಂದ ರೇಡಿಯೋ ಅಲೆಗಳನ್ನು ಪುಟಿಸಿ ಸಂದೇಶ ದಾಟಿಸೋಣ ಅನ್ನುವ ಲೆಕ್ಕ. ಸಂದೇಶ ದಾಟಿತು ಕೂಡ. ಆದರೆ ಸೂಜಿಗಳು ಹರಡುತ್ತಾ ಹೋದಂತೆ ಪ್ರತಿಧ್ವನಿ ಕ್ಷೀಣಿಸಿತು. ಉಳಿದವರ ರೇಡಿಯೋ ಸಂಪರ್ಕವನ್ನು ಅದು ಮುಚ್ಚಲಿಲ್ಲ. ಆಕಾಶ ಅಷ್ಟು ದೊಡ್ಡದು.

ಹಾಗಾದರೆ ಅಪಾಯ ಎಲ್ಲಿ? ಮರೆಯಲ್ಲಿ ಅಲ್ಲ, ಪೆಟ್ಟಿನಲ್ಲಿ. ಕೆಳಗಿನ ಕಕ್ಷೆಯಲ್ಲಿ ಎಲ್ಲವೂ ಸೆಕೆಂಡಿಗೆ 7 ಕಿ.ಮೀ.ಗಿಂತ ವೇಗವಾಗಿ ಓಡುತ್ತಿರುತ್ತದೆ. ಎದುರುಬದುರಾದರೆ ವೇಗ ಇನ್ನೂ ಜಾಸ್ತಿ. 2016ರ ಆಗಸ್ಟ್‌ನಲ್ಲಿ ಸೆಂಟಿನೆಲ್-1ಎ ಉಪಗ್ರಹದ ಸೌರಫಲಕಕ್ಕೆ ಕೆಲವೇ ಮಿಲಿಮೀಟರಿನ ಕಣವೊಂದು ಬಡಿಯಿತು. ಫಲಕದ ಮೇಲೆ ಸುಮಾರು 40 ಸೆಂ.ಮೀ. ಅಗಲದ ಗಾಯ ಉಳಿಯಿತು. ಆ ಉಪಗ್ರಹ ಬದುಕಿಕೊಂಡಿತು. ಅದೇ ಕಣ ಇಂಧನದ ತೊಟ್ಟಿಗೋ ಕಂಪ್ಯೂಟರಿಗೋ ಬಿದ್ದಿದ್ದರೆ ಕಥೆ ಬೇರೆ.

ಇನ್ನೊಂದು ಬಗೆಯ ಮೋಡವೂ ಇದೆ. ಅದು ಗಟ್ಟಿ ಚೂರುಗಳದ್ದಲ್ಲ, ವಿದ್ಯುತ್ ಹೊತ್ತ ಕಣಗಳದ್ದು. 1962ರ ಜುಲೈ 9ರಂದು ಅಮೆರಿಕ ಸುಮಾರು 400 ಕಿ.ಮೀ. ಎತ್ತರದಲ್ಲಿ ಸ್ಟಾರ್‌ಫಿಶ್ ಪ್ರೈಮ್ ಅನ್ನುವ ಅಣುಬಾಂಬ್ ಸಿಡಿಸಿತು. ಅದರಿಂದ ಹೊಮ್ಮಿದ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ಹೊಸದೊಂದು ಪಟ್ಟಿಯನ್ನೇ ಕಟ್ಟಿಕೊಂಡವು. ಮರುದಿನ ಹಾರಿದ ಸಂಪರ್ಕ ಉಪಗ್ರಹ ಟೆಲ್‌ಸ್ಟಾರ್ 1 ಆ ವಿಕಿರಣದಲ್ಲೇ ಸುತ್ತಬೇಕಾಯಿತು. 1963ರ ಫೆಬ್ರವರಿಗೆ ಅದರ ಕೆಲಸ ಮುಗಿಯಿತು. ಇದೇ ಕೆಲಸವನ್ನು ಸೂರ್ಯನೂ ಆಗಾಗ ಚಿಕ್ಕ ಮಟ್ಟದಲ್ಲಿ ಮಾಡುತ್ತಾನೆ.

ಅಳತೆಗೋಲು

ಸೇವೆ ಯಾವುದೇ ಇರಲಿ, ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಅದರಲ್ಲಿ ಮೊದಲನೆಯದಕ್ಕೇ ತೂಕ ಜಾಸ್ತಿ.

ಆ ಎತ್ತರದಲ್ಲಿ ಚೂರು ಎಷ್ಟು ಕಾಲ ಉಳಿಯುತ್ತದೆ? ಇದನ್ನು ತೀರ್ಮಾನಿಸುವುದು ಗಾಳಿ. ಕೆಳಗೆ ಇಷ್ಟೇ ಇಷ್ಟು ಗಾಳಿ ಇದ್ದರೂ ಅದು ಚೂರುಗಳನ್ನು ನಿಧಾನಿಸಿ ಕೆಳಗೆಳೆದು ಸುಟ್ಟುಬಿಡುತ್ತದೆ. ಮೇಲೆ ಹೋದಂತೆ ಆ ಪೊರಕೆ ಇಲ್ಲ. 600 ಕಿ.ಮೀ.ಗಿಂತ ಕೆಳಗೆ ಕೆಲವು ವರ್ಷ. 800 ಕಿ.ಮೀ.ನಲ್ಲಿ ಶತಮಾನದ ಲೆಕ್ಕ. 1,000 ಕಿ.ಮೀ. ದಾಟಿದರೆ ಸಾವಿರ ವರ್ಷ ಅಥವಾ ಇನ್ನೂ ಜಾಸ್ತಿ.

ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2019ರ ಮಾರ್ಚ್ 27ರಂದು ಭಾರತ ತನ್ನದೇ ಉಪಗ್ರಹವನ್ನು 300 ಕಿ.ಮೀ.ಗಿಂತ ಕೆಳಗೆ ಹೊಡೆಯಿತು. ಕೆಲವು ಚೂರುಗಳು ಮೇಲಕ್ಕೆ ಚಿಮ್ಮಿದರೂ ಬಹುಪಾಲು ಕೆಲವೇ ತಿಂಗಳಲ್ಲಿ ಉರಿದುಹೋದವು. 2021ರ ನವೆಂಬರ್ 15ರಂದು ರಷ್ಯಾ ಸುಮಾರು 480 ಕಿ.ಮೀ.ನಲ್ಲಿ ತನ್ನದೇ ಹಳೆಯ ಉಪಗ್ರಹ ಕಾಸ್ಮೋಸ್ 1408 ಅನ್ನು ಒಡೆಯಿತು. ಗುರುತಿಸಬಹುದಾದ 1,500 ಚೂರು ಎದ್ದವು. ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ಆ ಚೂರುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ಕೆಳಗಿಳಿದವು. ಆದರೆ 2007ರ ಜನವರಿ 11ರಂದು ಚೀನಾ ಫೆಂಗ್ಯುನ್-1ಸಿ ಉಪಗ್ರಹವನ್ನು ಒಡೆದದ್ದು ಸುಮಾರು 865 ಕಿ.ಮೀ.ನಲ್ಲಿ. ಲೆಕ್ಕಕ್ಕೆ ಸಿಕ್ಕಿದ ಚೂರುಗಳೇ 3,000ಕ್ಕಿಂತ ಜಾಸ್ತಿ. ಅವುಗಳಲ್ಲಿ ದೊಡ್ಡ ಪಾಲು ಇಂದಿಗೂ ಅಲ್ಲೇ ಸುತ್ತುತ್ತಿದೆ. ಒಂದೇ ಬಗೆಯ ಕೆಲಸ, ಎತ್ತರ ಮಾತ್ರ ಬೇರೆ.

ಎರಡನೆಯದು, ಒಂದು ಉಪಗ್ರಹ ಹೋದರೆ ಎಷ್ಟು ಉಳಿಯುತ್ತವೆ, ಹೋದದ್ದರ ಜಾಗ ಎಷ್ಟು ಬೇಗ ತುಂಬುತ್ತದೆ? ಮೂರನೆಯದು, ನೆಲದ ಮೇಲೆ ಎಲ್ಲರೂ ನೆಚ್ಚಿಕೊಂಡ ಒಂದೇ ಜಾಗ ಯಾವುದು? ಇದನ್ನು ಜನ ಮರೆಯುತ್ತಾರೆ. 2022ರ ಫೆಬ್ರವರಿ 24ರಂದು ಕೆಎ-ಸ್ಯಾಟ್ ಅನ್ನುವ ಉಪಗ್ರಹ ಇಂಟರ್ನೆಟ್ ಜಾಲದ ಸಾವಿರಾರು ಮೋಡೆಮ್‌ಗಳು ಸೈಬರ್ ದಾಳಿಗೆ ಸಿಕ್ಕಿ ಸತ್ತುಹೋದವು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರ ನಿಗಾವಣೆ ನಿಂತಿತು. ಮೇಲಿದ್ದ ಉಪಗ್ರಹಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಾಲ್ಕನೆಯದು ದಿನನಿತ್ಯದ್ದು: ವಿಳಂಬ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು), ಮಳೆ, ವಿದ್ಯುತ್ತು, ಖರ್ಚು. ಯಾವತ್ತೋ ಬರುವ ಮೋಡಕ್ಕೆ ಹೆದರಿ ದಿನವೂ ಕೆಲಸಕ್ಕೆ ಬಾರದ ಸಂಪರ್ಕ ಇಟ್ಟುಕೊಂಡು ಏನು ಪ್ರಯೋಜನ?

ಕೆಳಗಿನ ಕಕ್ಷೆ, ಅದರಲ್ಲೂ ಎರಡು ಮಹಡಿ

ಎಲ್ಲರೂ "ಲಿಯೋ" ಅಂತ ಒಂದೇ ಹೆಸರಿನಲ್ಲಿ ಕರೆಯುವ ಕೆಳಗಿನ ಕಕ್ಷೆಯನ್ನು ನಾನು ಎರಡಾಗಿ ಒಡೆಯುತ್ತೇನೆ. ಒಡೆಯದೆ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ.

ಮೊದಲನೆಯದು 550 ಕಿ.ಮೀ. ಆಸುಪಾಸು. ಸ್ಟಾರ್‌ಲಿಂಕ್ ಅನ್ನುವ ಉಪಗ್ರಹ ಇಂಟರ್ನೆಟ್ ಜಾಲ ಇಲ್ಲಿದೆ. ವಿಳಂಬ ಕಡಿಮೆ, ಸೆಕೆಂಡಿನ ಸಾವಿರ ಭಾಗಗಳಲ್ಲಿ 25ರಿಂದ 50ರ ಒಳಗೆ. ವಿಡಿಯೋ ಕರೆಗೆ ತೊಂದರೆ ಇಲ್ಲ. ಉಪಗ್ರಹಗಳು ಸಾವಿರಾರು. ಹತ್ತು ಹೋದರೂ ಬಳಸುವವರಿಗೆ ಗೊತ್ತಾಗುವುದು ಕಷ್ಟ. ಹೊಸವು ಹಾರುತ್ತಲೇ ಇರುತ್ತವೆ. ಡಿಕ್ಕಿ ತಪ್ಪಿಸಲು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ಪೊರಕೆ ಇಲ್ಲಿ ಇನ್ನೂ ಕೆಲಸ ಮಾಡುತ್ತದೆ. ಮೋಡ ಎದ್ದರೂ ಕೆಲವು ವರ್ಷದಲ್ಲಿ ತೆಳ್ಳಗಾಗುತ್ತದೆ.

ದುರ್ಬಲತೆಯೂ ಇಲ್ಲೇ ಇದೆ. ಸಾವಿರಾರು ಉಪಗ್ರಹಗಳು ಒಂದೇ ಪದರದಲ್ಲಿ ಇರುವುದರಿಂದ ಅಲ್ಲಿ ಎದ್ದ ದಟ್ಟ ಮೋಡ ಎಲ್ಲವನ್ನೂ ತೊಂದರೆಗೆ ದೂಡುತ್ತದೆ. ಸರಿದು ತಪ್ಪಿಸಿಕೊಳ್ಳುವುದು ರೇಡಾರಿಗೆ ಕಾಣುವ ಚೂರಿನಿಂದ ಮಾತ್ರ. ಮಿಲಿಮೀಟರಿನ ಕಣ ಯಾವ ರೇಡಾರಿನ ಪಟ್ಟಿಯಲ್ಲೂ ಇರುವುದಿಲ್ಲ. ಇದೇ ಗಾಳಿ ಕೆಲವೊಮ್ಮೆ ತಿರುಗಿಬೀಳುತ್ತದೆ ಕೂಡ. 2022ರ ಫೆಬ್ರವರಿಯಲ್ಲಿ ಸೌರ ಬಿರುಗಾಳಿಯಿಂದ ಮೇಲಿನ ಗಾಳಿ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್‌ಗಳಲ್ಲಿ ಹೆಚ್ಚುಕಡಿಮೆ 40 ಉದುರಿಹೋದವು. ಇನ್ನು ನೆಲದ ಲೆಕ್ಕ: 2025ರ ಜುಲೈ 24ರಂದು ಒಳಗಿನ ಸಾಫ್ಟ್‌ವೇರ್ ಕೈಕೊಟ್ಟು ಸುಮಾರು ಎರಡೂವರೆ ಗಂಟೆ ಇಡೀ ಜಾಲ ಮಲಗಿತ್ತು. ಸಾವಿರಾರು ಉಪಗ್ರಹ ಇದ್ದರೂ ಸಾಫ್ಟ್‌ವೇರ್ ಎಲ್ಲಕ್ಕೂ ಒಂದೇ.

ಎರಡನೆಯ ಮಹಡಿ 780ರಿಂದ 1,400 ಕಿ.ಮೀ.ವರೆಗೆ. ಇಲ್ಲಿ ಮೂರು ಕಂಪನಿಗಳ ಉಪಗ್ರಹ ಜಾಲಗಳಿವೆ: ಇರಿಡಿಯಂ 780ರಲ್ಲಿ, ಒನ್‌ವೆಬ್ 1,200ರಲ್ಲಿ, ಗ್ಲೋಬಲ್‌ಸ್ಟಾರ್ ಸುಮಾರು 1,400ರಲ್ಲಿ. ಈ ವಲಯದ ಬಗ್ಗೆ ನನಗೆ ನಿಜಕ್ಕೂ ಚಿಂತೆ ಇದೆ. ಪೊರಕೆ ಇಲ್ಲದ ಜಾಗ ಇದು. ಫೆಂಗ್ಯುನ್ ಚೂರುಗಳು ಇಲ್ಲೇ ಇವೆ. 2009ರ ಫೆಬ್ರವರಿ 10ರಂದು ಕೆಲಸ ಮಾಡುತ್ತಿದ್ದ ಇರಿಡಿಯಂ 33ಕ್ಕೆ ಸತ್ತ ಕಾಸ್ಮೋಸ್ 2251 ಬಡಿದದ್ದೂ ಇಲ್ಲೇ, 789 ಕಿ.ಮೀ.ನಲ್ಲಿ.

ಆದರೆ ಆ ಡಿಕ್ಕಿಯ ನಂತರ ಏನಾಯಿತು ಅನ್ನುವುದು ಆರಿಸುವವರಿಗೆ ಮುಖ್ಯ. ಇರಿಡಿಯಂ ಸೇವೆ ನಿಲ್ಲಲಿಲ್ಲ. ಅಲ್ಲಲ್ಲಿ ಸ್ವಲ್ಪ ಹೊತ್ತು ಕಡಿತ, ಅಷ್ಟೇ. ಕಕ್ಷೆಯಲ್ಲೇ ಕಾದಿಟ್ಟಿದ್ದ ಬದಲಿ ಉಪಗ್ರಹವನ್ನು ಕೆಲವೇ ವಾರದಲ್ಲಿ ಆ ಜಾಗಕ್ಕೆ ಸರಿಸಿದರು. ಇದರ 66 ಉಪಗ್ರಹಗಳು ಒಂದರಿಂದ ಒಂದಕ್ಕೆ ನೇರವಾಗಿ ಮಾತು ದಾಟಿಸುತ್ತವೆ. ಹಾಗಾಗಿ ಹತ್ತಿರದಲ್ಲಿ ನೆಲದ ಕೇಂದ್ರ ಇರಲೇಬೇಕು ಅಂತಿಲ್ಲ. ಧ್ರುವಗಳಲ್ಲೂ ಸಿಗ್ನಲ್ ಸಿಗುತ್ತದೆ. ಕೈಯಲ್ಲಿ ಹಿಡಿಯುವ ಫೋನು, ಪುಟ್ಟ ಆಂಟೆನಾ, ಮಳೆಗೆ ಹೆದರದ ತರಂಗ. ಬೆಲೆ ಕೊಡಬೇಕಾದ್ದು ವೇಗದಲ್ಲಿ: ಫೋನಿನ ಡೇಟಾ ಸೆಕೆಂಡಿಗೆ 2.4 ಕಿಲೋಬಿಟ್. ಮಾತು ಮತ್ತು ಪುಟ್ಟ ಸಂದೇಶ, ಅದರಾಚೆಗೆ ಜಾಸ್ತಿ ಆಸೆ ಬೇಡ. ಗ್ಲೋಬಲ್‌ಸ್ಟಾರ್ ಮತ್ತು ಒನ್‌ವೆಬ್‌ನ ಮೊದಲ ಪೀಳಿಗೆಯಲ್ಲಿ ಈ ನೇರ ದಾಟಿಸುವಿಕೆ ಇಲ್ಲ. ಉಪಗ್ರಹಕ್ಕೆ ನೀವೂ ಕಾಣಬೇಕು, ನೆಲದ ಕೇಂದ್ರವೂ ಕಾಣಬೇಕು.

ಒಟ್ಟಿನಲ್ಲಿ ಈ ಮಹಡಿ ಇವತ್ತಿನ ಮಟ್ಟಿಗೆ ಗಟ್ಟಿ. ದೊಡ್ಡ ಮೋಡ ಎದ್ದರೆ ಚೇತರಿಕೆ ಮಾತ್ರ ನಮ್ಮ ಜೀವಿತಕಾಲದ ಮಾತಲ್ಲ.

ಮಧ್ಯದ ಕಕ್ಷೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಒಬ್ಬೊಬ್ಬರಾಗಿ ಇದನ್ನು ಕೊಳ್ಳುವವರು ಕಡಿಮೆ. 8,062 ಕಿ.ಮೀ.ನಲ್ಲಿ ಓ3ಬಿ ಅನ್ನುವ ಜಾಲದ ಉಪಗ್ರಹಗಳಿವೆ. ಅಲ್ಲಿ ಚೂರುಗಳ ದಟ್ಟಣೆ ಕಡಿಮೆ. ವಿಳಂಬ ಸೆಕೆಂಡಿನ ಏಳನೇ ಒಂದು ಭಾಗದಷ್ಟು. ಸಾಮರ್ಥ್ಯ ದೊಡ್ಡದು. ಆದರೆ ವಿಕಿರಣದ ಕಾಟ ಜಾಸ್ತಿ, ಹಾಗಾಗಿ ಉಪಗ್ರಹಗಳು ದುಬಾರಿ, ಸಂಖ್ಯೆಯೂ ಕಮ್ಮಿ. ಹಡಗಿನ ಕಂಪನಿಗೆ, ದ್ವೀಪದ ಫೋನ್ ಜಾಲಕ್ಕೆ ಇದು ಒಳ್ಳೆಯ ಆಯ್ಕೆ. ಒಂದು ಮನೆಗೆ ಅಲ್ಲ.

ಭೂಸ್ಥಿರ ಕಕ್ಷೆ

35,786 ಕಿ.ಮೀ. ಮೇಲೆ. ಉಪಗ್ರಹ ನಿಂತಲ್ಲೇ ನಿಂತಂತೆ ಕಾಣುತ್ತದೆ. ಒಮ್ಮೆ ಡಿಶ್ ತಿರುಗಿಸಿ ಬಿಗಿದರೆ ಮುಗಿಯಿತು. ಪ್ರಸಾರಕ್ಕೆ ಇವತ್ತಿಗೂ ಇದನ್ನು ಮೀರಿಸುವುದು ಕಷ್ಟ. ಆದರೆ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಮಾತಿನಲ್ಲಿ ಆ ತಡವರಿಕೆ ಗೊತ್ತಾಗುತ್ತದೆ. ಕೆಯು, ಕೆಎ ಅನ್ನುವ ಹೆಚ್ಚು ಆವರ್ತನದ ತರಂಗಗಳಾದರೆ ಜೋರು ಮಳೆಗೆ ಸಿಗ್ನಲ್ ಕುಗ್ಗುತ್ತದೆ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮನಾಗುವ ವಿಷುವದ ಆಸುಪಾಸಿನ ದಿನಗಳಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ಕೆಲವು ನಿಮಿಷ ಸಂಪರ್ಕ ಮುಳುಗಿಸುತ್ತಾನೆ.

ಮೋಡದ ದೃಷ್ಟಿಯಿಂದ ನೋಡಿದರೆ ಇದರ ಚಿತ್ರ ವಿಚಿತ್ರ. ಕೆಳಗಿನ ಕಕ್ಷೆಯಲ್ಲಿ ಎಷ್ಟೇ ಅನಾಹುತವಾದರೂ ಅದು ಇಲ್ಲಿಗೆ ತಲುಪುವುದಿಲ್ಲ. ಇಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಸಾಗುವುದರಿಂದ ಡಿಕ್ಕಿಯ ವೇಗವೂ ತೀರಾ ಕಡಿಮೆ. ಆದರೆ ಇಲ್ಲಿ ಎದ್ದ ಚೂರು ತಾನಾಗಿ ಎಂದೂ ಕೆಳಗೆ ಬರುವುದಿಲ್ಲ. ಮೇಲಾಗಿ, ಒಂದು ಉಪಗ್ರಹ ಹೋದರೆ ಒಂದು ಖಂಡದ ಸೇವೆಯೇ ಹೋಗಬಹುದು. 2024ರ ಅಕ್ಟೋಬರ್ 19ರಂದು ಇಂಟೆಲ್‌ಸ್ಯಾಟ್ 33ಇ ಕಕ್ಷೆಯಲ್ಲೇ ಒಡೆದುಹೋದಾಗ ಯುರೋಪ್, ಆಫ್ರಿಕಾ, ಏಷ್ಯಾದ ಗ್ರಾಹಕರು ಒಮ್ಮೆಲೇ ಸಂಪರ್ಕ ಕಳೆದುಕೊಂಡರು. ಬೇರೆ ಉಪಗ್ರಹಗಳಿಗೆ ಡಿಶ್ ತಿರುಗಿಸಿಕೊಂಡವರು ಉಳಿದರು.

ವಿದ್ಯುತ್ ಕಣಗಳ ಕಾಟವೂ ಇಲ್ಲಿ ಜಾಸ್ತಿ. 1994ರ ಜನವರಿ 20ರಂದು ಕೆನಡಾದ ಆನಿಕ್ ಇ1, ಇ2 ಎರಡೂ ವೇಗದ ಎಲೆಕ್ಟ್ರಾನ್‌ಗಳ ಹೊಡೆತಕ್ಕೆ ಹಿಡಿತ ತಪ್ಪಿದವು. ಒಂದನ್ನು ಕೆಲವು ಗಂಟೆಯಲ್ಲಿ ಸರಿಮಾಡಿದರು. ಇನ್ನೊಂದಕ್ಕೆ ತಿಂಗಳುಗಳೇ ಬೇಕಾದವು. ಎರಡು ಉಪಗ್ರಹ ಇಟ್ಟುಕೊಂಡಿದ್ದರೂ ಎರಡಕ್ಕೂ ಒಂದೇ ದಿನ ಏಟು ಬಿತ್ತು. ಎರಡನೇ ಸಂಪರ್ಕ ಇದೆ ಅಂತ ನೆಮ್ಮದಿಯಾಗಿರುವವರು ಈ ದಿನವನ್ನು ನೆನಪಿಡಬೇಕು.

ಆಕಾಶವೇ ಬೇಡ ಅನ್ನುವವರಿಗೆ

ಖಂಡಗಳ ನಡುವಿನ ಮಾಹಿತಿಯಲ್ಲಿ ಬಹುಪಾಲು ಹರಿಯುವುದು ಸಮುದ್ರದಡಿಯ ಕೇಬಲ್‌ಗಳಲ್ಲೇ. ಕಕ್ಷೆಯ ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ವೇಗ, ವಿಳಂಬ, ಖರ್ಚು ಮೂರರಲ್ಲೂ ಕೇಬಲ್ಲೇ ಮುಂದೆ, ಅದು ನಿಮ್ಮ ಬಾಗಿಲಿಗೆ ಬಂದಿದ್ದರೆ. ಆದರೆ ಅದಕ್ಕೂ ತನ್ನದೇ ಶತ್ರುಗಳಿವೆ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕೇಬಲ್ ತೊಂದರೆಗಳಾಗುತ್ತವೆ. ಹೆಚ್ಚಿನವು ಮೀನುಬಲೆ ಮತ್ತು ಲಂಗರುಗಳಿಂದ. 2022ರ ಜನವರಿ 15ರಂದು ಜ್ವಾಲಾಮುಖಿ ಸಿಡಿದು ಟೋಂಗಾದ ಕೇಬಲ್ ತುಂಡಾಯಿತು. ದೇಶಕ್ಕೆ ದೇಶವೇ ಹೊರಜಗತ್ತಿಗೆ ಮೌನವಾಯಿತು. ಮುಖ್ಯ ಕೇಬಲ್ ಸರಿಯಾಗಲು ಐದು ವಾರ ಬೇಕಾಯಿತು. ಆ ವಾರಗಳಲ್ಲಿ ಕೈ ಹಿಡಿದದ್ದು ಉಪಗ್ರಹಗಳು.

ಇನ್ನೊಂದು ಹಳೆಯ ಆಯ್ಕೆ ಹೈ ಫ್ರೀಕ್ವೆನ್ಸಿ ರೇಡಿಯೋ. 3ರಿಂದ 30 ಮೆಗಾಹರ್ಟ್ಸ್‌ನ ಅಲೆಗಳು ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಬಡಿದು ಸಾವಿರಾರು ಕಿ.ಮೀ. ದಾಟುತ್ತವೆ. ಉಪಗ್ರಹ ಬೇಡ, ಕೇಬಲ್ ಬೇಡ, ತಿಂಗಳ ಬಾಡಿಗೆ ಇಲ್ಲ. ಆದರೆ ಉದ್ದನೆಯ ಆಂಟೆನಾ ಬೇಕು, ಪರವಾನಗಿ ಬೇಕು, ಯಾವ ಹೊತ್ತಿಗೆ ಯಾವ ತರಂಗ ಅಂತ ಬಲ್ಲ ಮನುಷ್ಯ ಬೇಕು. ಸೂರ್ಯನ ಜ್ವಾಲೆ ಬಂದರೆ ಹಗಲಿರುವ ಕಡೆ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಸತ್ತಂತಾಗುತ್ತದೆ. ಆಮೇಲೆ ತಾನೇ ಎದ್ದು ಕೂರುತ್ತದೆ. ಹೀಗೆ ತಾನಾಗಿ ಚೇತರಿಸಿಕೊಳ್ಳುವ ಗುಣಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಯಾರಿಗೆ ಯಾವುದು

ಮನೆಗೆ ಅಥವಾ ಚಿಕ್ಕ ಕಚೇರಿಗೆ, ಕೇಬಲ್ ಬಂದಿದ್ದರೆ ಅದೇ ಇರಲಿ. ಎರಡನೆಯದಾಗಿ 550 ಕಿ.ಮೀ.ನ ಸೇವೆ ಸಾಕು. ಬರೀ ಉಪಗ್ರಹವೇ ಗತಿ ಅನ್ನುವ ಕಡೆಯೂ ನನ್ನ ಮೊದಲ ಆಯ್ಕೆ ಅದೇ. ಅಲ್ಲಿ ಹೊಡೆತ ಬೀಳುವುದಿಲ್ಲ ಅಂತಲ್ಲ, ಬಿದ್ದರೂ ಆಕಾಶ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಅಂತ.

ಒಬ್ಬಂಟಿಯಾಗಿ ದೂರ ಹೋಗುವವರಿಗೆ ವೇಗ ಮುಖ್ಯ ಅಲ್ಲ, ತಲುಪುವುದು ಮುಖ್ಯ. ಕೈಲಿ ಹಿಡಿಯುವ ಉಪಗ್ರಹ ಫೋನು ತಗೊಳ್ಳಿ. ಕೆಲವು ಮೊಬೈಲ್‌ಗಳಲ್ಲಿ ತುರ್ತು ಸಂದೇಶಕ್ಕೆ ಉಪಗ್ರಹ ಸೌಲಭ್ಯ ಇದೆ. ಖರ್ಚು ಹಿಡಿದು ನಡೆಯುವವರಿಗೆ ಅಷ್ಟೇ ಸಾಕಾಗಬಹುದು. ಅನೇಕ ದೇಶಗಳಲ್ಲಿ ಉಪಗ್ರಹ ಫೋನ್ ಇಟ್ಟುಕೊಳ್ಳಲು ಅನುಮತಿ ಬೇಕು, ಗಡಿ ದಾಟುವ ಮೊದಲು ವಿಚಾರಿಸಿ.

ಆಸ್ಪತ್ರೆ, ಹಡಗು, ವಿಪತ್ತು ತಂಡಗಳ ವಿಷಯ ಬೇರೆ. ಇಲ್ಲಿ ಒಂದೇ ಸೇವೆಗೆ ದುಡ್ಡು ಸುರಿಯುವುದಕ್ಕಿಂತ ಬೇರೆ ಬೇರೆ ಎತ್ತರದ ಎರಡನ್ನು ಹಿಡಿಯಿರಿ. ಒಂದೇ ಎತ್ತರದಲ್ಲಿ ಎರಡು ಕಂಪನಿಯ ಸೇವೆ ತಗೊಂಡರೆ ಬಿಲ್ಲು ಎರಡು, ಮೋಡ ಒಂದೇ. ಕೆಳಗಿನದ್ದು ಒಂದು, ಭೂಸ್ಥಿರದ್ದು ಒಂದು ಇದ್ದರೆ ಎರಡನ್ನೂ ಒಟ್ಟಿಗೆ ಕೆಡಿಸುವ ಗಟ್ಟಿ ಚೂರಿನ ಮೋಡ ಇಲ್ಲ. ಸೂರ್ಯ ಮಾತ್ರ ಎರಡನ್ನೂ ಮುಟ್ಟಬಲ್ಲ. ಅದಕ್ಕೇ ದುಡ್ಡು ಉಳಿದರೆ ಮೂರನೆಯದಾಗಿ ಹೈ ಫ್ರೀಕ್ವೆನ್ಸಿ ರೇಡಿಯೋ ಇಡಿ. ಸೌರ ಜ್ವಾಲೆಗೆ ಅದು ಮೊದಲು ಮಲಗಿದರೂ ಎಲ್ಲಕ್ಕಿಂತ ಬೇಗ ಏಳುತ್ತದೆ. ಬಜೆಟ್ ಬಿಗಿ ಇದ್ದರೆ ಎರಡನೆಯದನ್ನು ಕನಿಷ್ಠ ಯೋಜನೆಯಲ್ಲಿ ಇಟ್ಟುಕೊಳ್ಳಿ. ತುರ್ತಿನಲ್ಲಿ ಬೇಕಾಗುವುದು ನಾಲ್ಕು ಸಾಲಿನ ಸಂದೇಶ, ಸಿನಿಮಾ ಅಲ್ಲ.

ಒಂದು ವಿಷಯ ಒಳ್ಳೆಯ ದಿಕ್ಕಿಗೆ ಸಾಗಿದೆ. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 155 ದೇಶಗಳು ಕ್ಷಿಪಣಿಯಿಂದ ಉಪಗ್ರಹ ಒಡೆಯುವ ಪರೀಕ್ಷೆ ಬೇಡ ಅಂತ ಮತ ಹಾಕಿದವು. ಆದರೆ ಅದು ಕರೆ, ಕಟ್ಟುಪಾಡಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ತಡೆಯುತ್ತದೆ, ಚೂರು ಚೆಲ್ಲುವುದನ್ನು ನೇರವಾಗಿ ಹೆಸರಿಸುವುದಿಲ್ಲ.

ಸಹಿ ಹಾಕುವ ಮೊದಲು ಸೇವೆ ಕೊಡುವವರನ್ನು ಮೂರು ಮಾತು ಕೇಳಿ. ಉಪಗ್ರಹ ಎಷ್ಟು ಎತ್ತರದಲ್ಲಿದೆ? ಕಕ್ಷೆಯಲ್ಲೇ ಬದಲಿ ಉಪಗ್ರಹ ಇದೆಯಾ? ನನ್ನ ಸಂದೇಶ ಯಾವ ಊರಿನ ನೆಲದ ಕೇಂದ್ರದಲ್ಲಿ ಇಳಿಯುತ್ತದೆ? ಮೂರನೆಯದಕ್ಕೆ ನಿಮ್ಮ ಎರಡೂ ಸೇವೆಗಳಿಂದ ಒಂದೇ ಊರಿನ ಹೆಸರು ಬಂದರೆ ಅವುಗಳಲ್ಲಿ ಒಂದನ್ನು ಬಿಟ್ಟು ಬೇರೆಯದನ್ನು ಹುಡುಕಿ.